ಪೆಲೆಟ್ ಸ್ಟವ್: ಉರಿ ಮಂಕು, ಬರ್ನ್‌ಪಾಟ್ ತುಂಬ ಬೂದಿ. ತೊಂದರೆ ಎಲ್ಲಿ ಹುಡುಕಲಿ?

ಚಳಿಗಾಳಿ

ಎಲ್ಲರಿಗೂ ನಮಸ್ಕಾರ. ಮನೆ ಬೆಚ್ಚಗಿಡೋಕೆ ಹಾಕಿಸಿದ ಪೆಲೆಟ್ ಸ್ಟವ್ (ಮರದ ಪುಡಿ ಒತ್ತಿ ಮಾಡಿದ ಸಣ್ಣ ತುಂಡು, ಅಂದ್ರೆ ಪೆಲೆಟ್, ಉರಿಸೋದು) ಇಷ್ಟು ವರ್ಷ ತನ್ನ ಪಾಡಿಗೆ ತಾನು ಉರೀತಿತ್ತು. ಈ ಸಲ ಚಳಿ ಶುರುವಾದಾಗಿನಿಂದ ಏನೋ ಸರಿಯಿಲ್ಲ. ಮೊದಲು ಉರಿ ಹಳದಿ ಬಣ್ಣಕ್ಕಿದ್ದು ಚುರುಕಾಗಿ ಮೇಲೇಳ್ತಿತ್ತು. ಈಗ ಕಿತ್ತಳೆ ಬಣ್ಣ, ಉದ್ದಕ್ಕೆ ತೂರಾಡ್ತಾ ಇರುತ್ತೆ, ತುದಿಯಲ್ಲಿ ಕಪ್ಪು ಹೊಗೆ. ಬೆಳಗ್ಗೆ ಒರೆಸಿದ ಗಾಜು ಸಂಜೆ ಹೊತ್ತಿಗೆ ಮಸಿ ಹಿಡಿದು ಒಳಗೆ ಏನೂ ಕಾಣಲ್ಲ. ಪೆಲೆಟ್ ಬಿದ್ದು ಉರಿಯೋ ಬರ್ನ್‌ಪಾಟ್‌ನಲ್ಲಿ ಬೂದಿ, ಅದರ ಜೊತೆ ಅರ್ಧಂಬರ್ಧ ಬೆಂದ ಪೆಲೆಟ್. ಕೊನೆಗೆ ಅದೇ ತುಂಬಿಕೊಂಡು ಉರಿ ನಂದಿ ಹೋಗುತ್ತೆ.

ಪಾಟ್, ಬೂದಿ ಟ್ರೇ, ಗಾಜು ಎಲ್ಲ ದಿನಾ ಸ್ವಚ್ಛ ಮಾಡ್ತಿದ್ದೀನಿ. ಫ್ಯಾನ್ ಓಡ್ತಿದೆ, ಶಬ್ದದಲ್ಲೂ ವ್ಯತ್ಯಾಸ ಇಲ್ಲ. ಡಿಸ್‌ಪ್ಲೇನಲ್ಲಿ ಯಾವ ಎರರ್ರೂ ಇಲ್ಲ. ಪೆಲೆಟ್ ಬೀಳೋ ಪ್ರಮಾಣ ಕಡಿಮೆ ಮಾಡಿ ಅಂತ ಪರಿಚಯದವರೊಬ್ಬರು ಅಂದ್ರು. ಮಾಡಬಹುದಾ?

ತಿರುಪುಮೊಳೆ

ಸೆಟ್ಟಿಂಗ್ ಸದ್ಯಕ್ಕೆ ಮುಟ್ಟಬೇಡಿ. ಇಷ್ಟು ವರ್ಷ ಅದೇ ಸೆಟ್ಟಿಂಗ್‌ನಲ್ಲಿ ಚೆನ್ನಾಗಿ ಉರಿದಿದೆ ಅಂದ್ರೆ ಕೆಟ್ಟಿರೋದು ಸೆಟ್ಟಿಂಗ್ ಅಲ್ಲ.

ಕೆಲವು ವಿಷಯ ಹೇಳಿ. ಬೂದಿ ಯಾವ ಬಣ್ಣ? ಪಾಟ್‌ನಲ್ಲಿ ಸಿಗೋ ಗಂಟು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಾ, ಇಲ್ಲ ಕಲ್ಲಿನಷ್ಟು ಗಟ್ಟಿಯಾ? ಬಾಗಿಲ ಗ್ಯಾಸ್ಕೆಟ್, ಅಂದ್ರೆ ಗಾಳಿ ಸೋರದಂತೆ ಸುತ್ತಲೂ ಕೂರಿಸಿರೋ ಹಗ್ಗ, ಹೇಗಿದೆ? ಹೊಗೆ ಪೈಪು ಕೊನೇ ಸಲ ಯಾವಾಗ ಬ್ರಷ್ ಹಾಕಿದ್ದು, ಅದರಲ್ಲಿ ಎಷ್ಟು ಬೆಂಡ್ ಇದೆ? ಬೆಂಕಿಗೆ ಬೇಕಾದ ಗಾಳಿಯನ್ನ ಸ್ಟವ್ ಹೊರಗಿನಿಂದ ಪೈಪಲ್ಲಿ ಎಳೆದುಕೊಳ್ಳುತ್ತಾ, ಕೋಣೆಯಿಂದಲಾ?

ಬೂದಿಗುಡ್ಡೆ

ನನ್ನ ಪ್ರಕಾರ ನೂರಕ್ಕೆ ತೊಂಬತ್ತು ಪಾಲು ಪೆಲೆಟ್‌ದೇ ತಕರಾರು. ಚೀಲದ ಮೇಲೆ ಏನು ಬರೆದಿದೆ ನೋಡಿ. ಇಎನ್‌ಪ್ಲಸ್ ಅನ್ನೋ ಪೆಲೆಟ್ ಗುಣಮಟ್ಟದ ಗುರುತಿನಲ್ಲಿ ಎ1 ದರ್ಜೆ ಆದ್ರೆ ಬೂದಿ ಶೇ 0.7 ಮೀರಬಾರದು, ಎ2 ಆದ್ರೆ ಶೇ 1.2. ತೇವಾಂಶ ಎರಡಕ್ಕೂ ಶೇ 10ರ ಒಳಗೆ. ಯಾವ ದರ್ಜೆಯೂ ನಮೂದಿಸದ ಚೀಲ ಆದ್ರೆ ದೇವರೇ ಗತಿ.

ಒಂದು ಲೆಕ್ಕ ಹೇಳ್ತೀನಿ, ಯಾರೂ ಮಾಡಿ ನೋಡಲ್ಲ. 15 ಕಿಲೋ ಚೀಲದಲ್ಲಿ ಶೇ 0.7 ಅಂದ್ರೆ 105 ಗ್ರಾಂ. ಎ2 ಆದ್ರೂ 180 ಗ್ರಾಂ. ಅದರಲ್ಲೂ ಹಗುರ ಬೂದಿ ಸ್ವಲ್ಪ ಪೈಪಲ್ಲಿ ಹಾರಿ ಹೋಗುತ್ತೆ. ಒಂದು ಚೀಲ ಪೂರ್ತಿ ಉರಿಸಿ, ತಣ್ಣಗಾದ ಮೇಲೆ ಪಾಟ್ ಮತ್ತು ಟ್ರೇಯಲ್ಲಿರೋದನ್ನೆಲ್ಲ ತಕ್ಕಡಿ ಮೇಲೆ ಇಡಿ. ಅರ್ಧ ಕಿಲೋ ಬಂತು ಅಂದ್ರೆ ಅದು ಬರೀ ಬೂದಿ ಅಲ್ಲ, ಉರಿಯದೆ ಉಳಿದ ಇದ್ದಿಲೂ ಸೇರಿದೆ.

ಪೆಲೆಟ್ ತುಂಬಿಡೋ ಹಾಪರ್ ತಳದಲ್ಲಿ ಮರದ ಪುಡಿ ಕೂತಿದೆಯಾ ಅಂತಲೂ ನೋಡಿ. ಪುಡಿ ಜಾಸ್ತಿ ಆದ್ರೆ ಅಲ್ಲಿಂದ ಪಾಟ್‌ಗೆ ಪೆಲೆಟ್ ತಳ್ಳೋ ಸ್ಕ್ರೂ ಒಂದೇ ಸಮನೆ ಹಾಕಲ್ಲ. ಒಮ್ಮೆ ಗಂಟಲವರೆಗೂ, ಒಮ್ಮೆ ಖಾಲಿ.

ಚಳಿಗಾಳಿ

ತಿರುಪುಮೊಳೆ ಸರ್, ಬೂದಿ ಕಡು ಬೂದು ಬಣ್ಣ, ನಡುನಡುವೆ ಕರಿ ಚೂರು. ಗಂಟು ಗಟ್ಟಿ ಇಲ್ಲ, ಎರಡು ಬೆರಳಲ್ಲಿ ಹಿಚುಕಿದರೆ ಪುಡಿ ಆಗಿ ಕೈಯೆಲ್ಲ ಕಪ್ಪಾಗುತ್ತೆ. ಪೈಪಿಗೆ ಚಳಿಗಾಲಕ್ಕೆ ಮುಂಚೆ ಬ್ರಷ್ ಹಾಕಿಸಿದ್ದೆ. ಎರಡು ಬೆಂಡ್ ಇದೆ. ಗಾಳಿ ಕೋಣೆಯಿಂದಲೇ ಎಳೆಯುತ್ತೆ. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದೆ. ಮೇಲುಗಡೆ, ಹಿಡಿಕೆ ಕಡೆ ಬಿಗಿಯಾಗಿದೆ. ಕೆಳಗಡೆ ಕೀಲಿನ ಹತ್ತಿರ ಸಲೀಸಾಗಿ ಜಾರಿ ಬಂತು.

ಬೂದಿಗುಡ್ಡೆ ಅವರೇ, ಪೆಲೆಟ್ ಹೋದ ವರ್ಷದ್ದೇ ಕಂಪನಿ, ಎ1. ಬೇರೆ ಕಂಪನಿಯ ಚೀಲವನ್ನೂ ಹಾಕಿ ನೋಡಿದೆ, ಅದೇ ಕಥೆ. ತೂಕ ಮಾಡಿ ಹೇಳ್ತೀನಿ.

ತಿರುಪುಮೊಳೆ

ಬೆರಳಲ್ಲಿ ಪುಡಿಯಾಗಿ ಕೈ ಕಪ್ಪು ಮಾಡೋದು ಇದ್ದಿಲು. ಪೆಲೆಟ್ ಬೇಯ್ತಾ ಇದೆ, ಪೂರ್ತಿ ಉರೀತಾ ಇಲ್ಲ. ಗಾಳಿ ಸಾಲದು. ಎರಡು ಕಂಪನಿಯ ಪೆಲೆಟ್‌ಗೂ ಹೀಗೇ ಆಗ್ತಿದೆ ಅಂದಮೇಲೆ ಪೆಲೆಟ್‌ನ ಸದ್ಯಕ್ಕೆ ಬಿಡೋಣ.

ಈ ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಒಮ್ಮೆ ತಲೆಗೆ ಹೋದ್ರೆ ಉಳಿದದ್ದು ತಾನಾಗೇ ಗೊತ್ತಾಗುತ್ತೆ. ಒಂದು ಕಿಲೋ ಕಟ್ಟಿಗೆ ಪೂರ್ತಿ ಉರಿಯೋಕೆ ಲೆಕ್ಕದ ಪ್ರಕಾರವೇ ಸುಮಾರು ಆರು ಕಿಲೋ ಗಾಳಿ ಬೇಕು, ಅಂದ್ರೆ ಹೆಚ್ಚುಕಡಿಮೆ ಐದು ಘನ ಮೀಟರ್. ನಿಜವಾದ ಸ್ಟವ್‌ನಲ್ಲಿ ಅದರ ಒಂದೂವರೆ ಪಟ್ಟು, ಎರಡು ಪಟ್ಟು ಹಾಯಿಸಬೇಕಾಗುತ್ತೆ. ಇಷ್ಟು ಗಾಳಿ ಪಾಟ್‌ನ ತೂತುಗಳ ಮೂಲಕ, ಕೆಂಡದ ನಡುವೆ ನುಗ್ಗಿ ಬರಬೇಕು. ಪಕ್ಕದಲ್ಲಿ ಹಾದು ಹೋದ ಗಾಳಿ ಲೆಕ್ಕಕ್ಕಿಲ್ಲ.

ಈಗ ಮುಖ್ಯ ವಿಷಯ. ಸಾಮಾನ್ಯವಾಗಿ ಈ ಸ್ಟವ್‌ಗಳಲ್ಲಿ ಫ್ಯಾನ್ ಬೆಂಕಿಗೆ ಗಾಳಿ ಊದಲ್ಲ. ಅದು ಕೂತಿರೋದು ಹೊಗೆ ಹೊರಹೋಗೋ ಕಡೆ, ಅಲ್ಲಿಂದ ಇಡೀ ಪೆಟ್ಟಿಗೆಯನ್ನ ಎಳೆಯುತ್ತೆ. ಎಳೆಯುವಾಗ ಗಾಳಿ ಸುಲಭದ ದಾರಿ ಹಿಡಿಯುತ್ತೆ. ಬಾಗಿಲ ಸಂದಿ, ಬೂದಿ ಟ್ರೇ ಸಂದಿ, ಸರಿಯಾಗಿ ಕೂರದ ಪಾಟ್‌ನ ಅಂಚು, ಎಲ್ಲಿ ಬಿಟ್ಟುಕೊಂಡಿದ್ರೂ ಗಾಳಿ ಅಲ್ಲಿಂದ ಬರುತ್ತೆ, ಪಾಟ್‌ನ ತೂತಿಗೆ ಸಿಗೋದು ಮಿಕ್ಕಿದ್ದು. ತೂತಾದ ಸ್ಟ್ರಾದಲ್ಲಿ ಜ್ಯೂಸ್ ಎಳೆದ ಹಾಗೆ. ನಿಮ್ಮ ಬಾಗಿಲ ಕೆಳಮೂಲೆ ಒಂದು ಸೋರಿಕೆ ಅಂತ ಸಿಕ್ಕಿಯಾಯ್ತು. ಆದ್ರೆ ನೀವು ಹೇಳಿದಷ್ಟು ಮಸಿಗೆ ಅದೊಂದೇ ಕಾರಣ ಇರಲಾರದು.

ನೀವು ದಿನಾ ಸ್ವಚ್ಛ ಮಾಡೋದು ಕಣ್ಣಿಗೆ ಕಾಣೋ ಬೂದಿ. ಫೈರ್‌ಬಾಕ್ಸ್‌ನ, ಅಂದ್ರೆ ಬೆಂಕಿ ಉರಿಯೋ ಪೆಟ್ಟಿಗೆಯ, ಹಿಂದಿನ ಗೋಡೆಯಲ್ಲಿ ಇಟ್ಟಿಗೆ ಚಿತ್ತಾರದ ಹಲಗೆ ಇದ್ರೆ ಅದು ಕ್ಲಿಪ್ಪಲ್ಲೋ ಸ್ಕ್ರೂನಲ್ಲೋ ನಿಂತಿರುತ್ತೆ, ಬಿಚ್ಚಬಹುದು. ಅದರ ಹಿಂದೆ ಎರಡೂ ಬದಿಯಲ್ಲಿ ಹೊಗೆ ಕೆಳಗಿಳಿದು ಫ್ಯಾನಿಗೆ ಹೋಗೋ ದಾರಿ, ತಿರುವಿನಲ್ಲಿ ಬೂದಿ ನಿಲ್ಲೋ ಗುಂಡಿ. ಕೆಲವು ಮಾಡೆಲ್‌ನಲ್ಲಿ ಅದಕ್ಕೆ ಸಣ್ಣ ಮುಚ್ಚಳ ಕೊಟ್ಟಿರ್ತಾರೆ. ವರ್ಷಗಟ್ಟಲೆ ಯಾರೂ ತೆಗೆಯದ ಜಾಗ ಅದು. ಮ್ಯಾನುಯಲ್‌ನಲ್ಲಿ ಚಿತ್ರ ಇರುತ್ತೆ, ಹುಡುಕಿ.

ಆಮೇಲೆ ಫ್ಯಾನ್. ಅದನ್ನ ಬಿಚ್ಚಿ ರೆಕ್ಕೆ ನೋಡಿ. ರೆಕ್ಕೆಯ ಒಳಬಾಗಿನಲ್ಲಿ ಬೂದಿ ಗಟ್ಟಿಯಾಗಿ ಕೂತಿದ್ರೆ ಫ್ಯಾನ್ ಅದೇ ವೇಗದಲ್ಲಿ ತಿರುಗುತ್ತೆ, ಶಬ್ದವೂ ಅದೇ, ಗಾಳಿ ಮಾತ್ರ ಎಳೆಯಲ್ಲ. ಫ್ಯಾನ್ ಓಡ್ತಿದೆ ಅನ್ನೋದರಿಂದ ಏನೂ ತೀರ್ಮಾನ ಆಗಲ್ಲ.

ಗಾಳಿಗೋಪುರ

ಇಷ್ಟೆಲ್ಲ ಯಾಕೆ ಗುರೂ, ಸರ್ವಿಸ್ ಮೆನುಗೆ ಹೋಗಿ ಎಕ್ಸಾಸ್ಟ್ ಫ್ಯಾನ್ ವೇಗ ಹತ್ತು ಪರ್ಸೆಂಟ್ ಏರಿಸಿದ್ರೆ ಆಯ್ತು. ನಾನು ಹಾಗೇ ಮಾಡಿದ್ದು. ಮಸಿ ಕಮ್ಮಿ ಆಯ್ತು.

ತಿರುಪುಮೊಳೆ

ಕಮ್ಮಿ ಆಗುತ್ತೆ, ಸ್ವಲ್ಪ ದಿನ. ಅಡ್ಡ ಕಟ್ಟಿರೋ ದಾರಿಯಲ್ಲೇ ಜೋರಾಗಿ ಎಳೆದದ್ದು ತಾನೇ? ಬೂದಿ ಬೆಳೀತಾನೇ ಇರುತ್ತೆ, ಮತ್ತೆ ಹತ್ತು ಏರಿಸ್ತೀರಿ. ಯಾವತ್ತೋ ಒಂದು ದಿನ ಪೂರ್ತಿ ಕ್ಲೀನ್ ಮಾಡಿದ್ರಿ ಅಂದ್ಕೊಳ್ಳಿ, ಆಗ ಗಾಳಿ ಅತಿಯಾಗಿ ಉರಿ ಗಿಡ್ಡಕ್ಕೆ ಬೆಳ್ಳಗೆ ಬುಸುಗುಟ್ಟಿ, ಕಿಡಿಗಳು ಪಾಟ್‌ನಿಂದ ಹೊರಗೆ ಹಾರ್ತವೆ. ಶಾಖವೂ ಪೈಪಲ್ಲೇ ಹೋಗುತ್ತೆ. ಪೆಲೆಟ್ ಕಡಿಮೆ ಮಾಡೋ ಸಲಹೆಯದ್ದೂ ಇದೇ ಹಣೆಬರಹ.

ಮೆನು ಇರೋದು ಸ್ಟವ್ ಸ್ವಚ್ಛ ಇದ್ದಾಗ ಪೆಲೆಟ್‌ಗೆ, ಪೈಪಿನ ಉದ್ದಕ್ಕೆ ಹೊಂದಿಸಿಕೊಳ್ಳೋಕೆ.

ಸಂಜೆಮಲ್ಲಿಗೆ

ಬಿಚ್ಚೋ ಕೆಲಸಕ್ಕೆ ಕೈಹಾಕೋ ಮೊದಲು ಒಂದು ಪುಕ್ಕಟೆ ಪರೀಕ್ಷೆ ಇದೆ. ಸ್ಟವ್ ಮಂಕಾಗಿ ಉರೀತಿರುವಾಗ ಅದೇ ಕೋಣೆಯ ಕಿಟಕಿ ನಾಲ್ಕು ಬೆರಳು ತೆರೆದಿಡಿ. ಸ್ವಲ್ಪ ಹೊತ್ತಲ್ಲಿ ಉರಿ ಚುರುಕಾಯ್ತು ಅಂದ್ರೆ ಮನೆಯೊಳಗೇ ಗಾಳಿ ಸಾಲ್ತಿಲ್ಲ ಅಂತ. ನಮ್ಮಲ್ಲಿ ಅಡುಗೆಮನೆ ಚಿಮಣಿ ಹಾಕಿದ ಕೂಡಲೇ ಸ್ಟವ್ ಕಪ್ಪಗೆ ಉರಿಯೋಕೆ ಶುರು ಮಾಡ್ತಿತ್ತು. ಕಿಟಕಿ ಸಂದಿಗಳನ್ನೆಲ್ಲ ಬಿಗಿ ಮಾಡಿಸಿದ ಮೇಲೆ ಶುರುವಾದ ತಾಪತ್ರಯ. ಚಿಮಣಿ, ಬಚ್ಚಲಿನ ಫ್ಯಾನ್, ಸ್ಟವ್ ಮೂರೂ ಒಂದೇ ಮನೆಯ ಗಾಳಿಗೆ ಜಗಳ ಆಡ್ತಿದ್ವು. ಕೊನೆಗೆ ಹೊರಗಿನಿಂದ ನೇರವಾಗಿ ಸ್ಟವ್‌ಗೆ ಗಾಳಿ ಪೈಪ್ ಹಾಕಿಸಿದ್ವಿ.

ಪೈಪ್ ಇದ್ದವರಿಗೆ ಇನ್ನೊಂದು: ಹೊರಗಿನ ಬಾಯಿಗಿರೋ ಜಾಲರಿ ನೋಡ್ತಿರಿ. ಜೇಡರ ಬಲೆ, ಒಣಗಿದ ಎಲೆ ಸಾಕು ಮುಚ್ಚಿಹೋಗೋಕೆ.

ಚಳಿಗಾಳಿ

ಸಂಜೆಮಲ್ಲಿಗೆ ಮೇಡಂ, ಕಿಟಕಿ ತೆರೆದು ನೋಡಿದೆ. ಕೋಣೆ ತಣ್ಣಗಾಯ್ತೇ ಹೊರತು ಉರಿಯಲ್ಲಿ ಏನೂ ಬದಲಾವಣೆ ಇಲ್ಲ.

ತೂಕದ ವಿಷಯ: ಒಂದು ಚೀಲಕ್ಕೆ ಪಾಟ್, ಟ್ರೇ ಸೇರಿ 600 ಗ್ರಾಂ ಮೇಲೆ ಬಂತು! ಎ1 ಪೆಲೆಟ್‌ಗೆ!

ಒಂದು ಪ್ರಶ್ನೆ. ದಾರಿ ಕಟ್ಟಿದ್ರೆ ಪ್ರೆಶರ್ ಸ್ವಿಚ್ ಎರರ್ ಕೊಡಬೇಕಿತ್ತಲ್ವಾ? ಒಂದು ಸಲವೂ ಕೊಟ್ಟಿಲ್ಲ.

ತಿರುಪುಮೊಳೆ

ಒಳ್ಳೇ ಪ್ರಶ್ನೆ. ಆ ಸ್ವಿಚ್ಚು ನೋಡೋದು ಎಳೆತ ಕನಿಷ್ಠ ಮಟ್ಟಕ್ಕಿಂತ ಮೇಲಿದೆಯಾ ಅಂತ ಮಾತ್ರ. ಉರಿಗೆ ಸಾಕಾಗುತ್ತಾ ಅನ್ನೋದು ಅದಕ್ಕೆ ಗೊತ್ತಿಲ್ಲ. ಅದು ಹೊಗೆ ವಾಪಸ್ ಬರದಂತೆ ತಡೆಯೋ ಸುರಕ್ಷತೆಯ ಸಾಧನ. ಇನ್ನೂ ಒಂದಿದೆ, ಅದರ ರಬ್ಬರ್ ನಳಿಕೆ ಎಲ್ಲಿ ಜೋಡಿಸಿದೆ ಅನ್ನೋದು. ಫೈರ್‌ಬಾಕ್ಸ್‌ನಲ್ಲಿ ಜೋಡಿಸಿದ್ರೆ ಅಲ್ಲಿಂದ ಫ್ಯಾನಿಗೆ ಹೋಗೋ ದಾರಿ ಕಟ್ಟಿದಾಗ ಎಳೆತ ಇಳಿದು ಸ್ವಿಚ್ ಬೀಳುತ್ತೆ. ಫ್ಯಾನ್ ಪಕ್ಕದಲ್ಲೇ ಜೋಡಿಸಿದ್ರೆ ಉಲ್ಟಾ: ಫ್ಯಾನಿಗೆ ಬರೋ ದಾರಿ ಕಟ್ಟಿದಷ್ಟೂ ಅಲ್ಲಿ ಎಳೆತ ಜಾಸ್ತಿ ಆಗುತ್ತೆ, ಸ್ವಿಚ್ಚಿಗೆ ಎಲ್ಲ ಸುಸೂತ್ರ ಅನಿಸುತ್ತೆ.

ಆ ನಳಿಕೆ ಸ್ವಚ್ಛ ಮಾಡುವಾಗ ಸ್ವಿಚ್ ಕಡೆಯ ತುದಿ ಬಿಚ್ಚಿಕೊಳ್ಳಿ. ಸ್ವಿಚ್ಚಿಗೆ ಬಾಯಿಹಾಕಿ ಊದಿದ್ರೆ ಒಳಗಿನ ತೆಳು ಪರದೆ ಹರಿಯುತ್ತೆ. ಸ್ವಿಚ್ ಬೈಪಾಸ್ ಮಾಡೋ ಐಡಿಯಾ ಯಾರಾದ್ರೂ ಕೊಟ್ರೆ ಕಿವಿಗೆ ಹಾಕ್ಕೋಬೇಡಿ.

600 ಗ್ರಾಂ ಅಂದಮೇಲೆ ಅನುಮಾನವೇ ಬೇಡ. ಹಲಗೆ ಬಿಚ್ಚಿ.

ಗಾಳಿಗೋಪುರ

ಬಿಚ್ಚೋ ಬದಲು ಲೀಫ್ ಬ್ಲೋವರ್ (ಒಣ ಎಲೆ ಊದೋ ಯಂತ್ರ)? ಹೊರಗೆ ಹೊಗೆ ಪೈಪಿನ ಬಾಯಿಗೆ ಅದರ ಎಳೆಯೋ ಕಡೆ ಜೋಡಿಸಿ ಹಚ್ಚಿದ್ರೆ ಒಳಗಿರೋ ಬೂದಿಯೆಲ್ಲ ಎದ್ದು ಹೊರಗೆ ಬರುತ್ತೆ. ವಿಡಿಯೋ ನೋಡಿದ್ದೀನಿ, ಮೋಡದ ಥರ ಬರುತ್ತೆ.

ಸಂಜೆಮಲ್ಲಿಗೆ

ಬರುತ್ತೆ ನಿಜ, ಆಮೇಲೆ ಒಣಹಾಕಿದ ಬಟ್ಟೆ, ಪಕ್ಕದವರ ಕಾರು ಎಲ್ಲ ನೀವೇ ತೊಳೀಬೇಕು. ತಮಾಷೆ ಬಿಡಿ, ಎಚ್ಚರಿಕೆ ಹೇಳಲೇಬೇಕು. ಬೂದಿ ಒಳಗೆ ಹುದುಗಿದ ಕೆಂಡ ಒಂದು ದಿನ ದಾಟಿದ್ರೂ ಜೀವಂತ ಇರಬಹುದು. ಅದನ್ನ ಬ್ಲೋವರ್‌ಗೋ ಮನೆಯ ಮಾಮೂಲಿ ವ್ಯಾಕ್ಯೂಮ್‌ಗೋ ಎಳೆದುಕೊಂಡ್ರೆ ಚೀಲಕ್ಕೆ ಬೆಂಕಿ. ಮಾಮೂಲಿ ವ್ಯಾಕ್ಯೂಮ್‌ನ ಫಿಲ್ಟರ್ ಇಷ್ಟು ನುಣುಪು ಬೂದಿಯನ್ನ ತಡೆಯೋದೂ ಇಲ್ಲ, ಹಿಂದಿನಿಂದ ಕೋಣೆಗೇ ಊದುತ್ತೆ. ಬೂದಿಗೇ ಅಂತ ಬರೋ ಲೋಹದ ಡಬ್ಬಿಯ ವ್ಯಾಕ್ಯೂಮ್ ತಗೊಳ್ಳಿ, ಅದರಲ್ಲೂ ಪೂರ್ತಿ ತಣಿದ ಬೂದಿ ಮಾತ್ರ. ತೆಗೆದ ಬೂದಿ ಮುಚ್ಚಳ ಇರೋ ಲೋಹದ ಡಬ್ಬಿಯಲ್ಲಿ ಮನೆಯ ಹೊರಗೆ, ಮರದ ನೆಲದ ಮೇಲೆ ಬೇಡ.

ತಿರುಪುಮೊಳೆ

ಲೀಫ್ ಬ್ಲೋವರ್ ಕೆಟ್ಟ ವಿಧಾನ ಅಲ್ಲ, ಆದ್ರೆ ಕೊನೆಯಲ್ಲಿ ಮಾಡೋದು. ಸಡಿಲ ಬೂದಿ ಹೋಗುತ್ತೆ, ಒತ್ತಾಗಿ ಕೂತದ್ದು ಅಲ್ಲೇ ಇರುತ್ತೆ. ಅಷ್ಟು ಜೋರಾಗಿ ಎಳೆಯುವಾಗ ಪ್ರೆಶರ್ ಸ್ವಿಚ್ಚಿನ ನಳಿಕೆ ಬಿಚ್ಚಿಟ್ಟಿರಬೇಕು.

ಚಳಿಗಾಳಿ

ಬಿಚ್ಚಿದೆ! ಹಿಂದಿನ ದಿನವೇ ಆರಿಸಿ, ಪ್ಲಗ್ ಕಿತ್ತು, ಬೆಳಗ್ಗೆ ಕೂತೆ. ಹಲಗೆ ನಾಲ್ಕು ಸ್ಕ್ರೂನಲ್ಲಿತ್ತು, ಒಂದು ತುಕ್ಕು ಹಿಡಿದು ಕೈಯಲ್ಲೇ ಮುರೀತು. ಹಲಗೆ ತೆಗೆದ್ರೆ ಬಲಗಡೆ ದಾರಿಯೇ ಕಾಣಲ್ಲ. ತಿಳಿ ಬೂದು ಬಣ್ಣದ ಬೂದಿ ಗೋಡೆಯಿಂದ ಗೋಡೆಗೆ ತುಂಬಿ ನಿಂತಿತ್ತು. ಬೆರಳು ಚುಚ್ಚಿದ ಕಡೆ ಅದೇ ಆಕಾರದ ತೂತು ಉಳೀತು. ಎಡಗಡೆ ಕಾಲುಭಾಗ ಮಾತ್ರ ತೆರೆದಿತ್ತು. ರಬ್ಬರ್ ಸುತ್ತಿಗೆಯಲ್ಲಿ ಪಕ್ಕದ ಗೋಡೆ ಮೆಲ್ಲಗೆ ತಟ್ಟಿದೆ. ಎಲ್ಲೋ ಮೇಲಿಂದ ಸರ್ರಂತ ಬೀಳೋ ಸದ್ದು, ಹೀರಿದಷ್ಟೂ ಮತ್ತೆ ಬೀಳುತ್ತೆ. ವ್ಯಾಕ್ಯೂಮ್ ಡಬ್ಬಿ ಮತ್ತೆ ಮತ್ತೆ ಖಾಲಿ ಮಾಡಬೇಕಾಯ್ತು.

ಫ್ಯಾನ್ ರೆಕ್ಕೆಗಳ ಬಗ್ಗೆ ನೀವು ಹೇಳಿದ್ದು ಸರಿ, ಪ್ರತಿಯೊಂದರ ಒಳಬಾಗಿನಲ್ಲೂ ಕಂದು ಬಣ್ಣದ ಗಟ್ಟಿ ಪದರ. ಹಲ್ಲುಜ್ಜೋ ಹಳೇ ಬ್ರಷ್ಷಲ್ಲಿ ಬಿಡಿಸಿದೆ. ಆದ್ರೆ ಫ್ಯಾನ್ ಕೆಳಗಿನ ಗ್ಯಾಸ್ಕೆಟ್ ಹರಿದು ಬಂತು. ಮನೆಯಲ್ಲಿರೋ ಸಿಲಿಕೋನ್ ಬಳಿದು ಕೂರಿಸಲಾ?

ತಿರುಪುಮೊಳೆ

ಬೇಡ! ಸ್ಟವ್ ಹಚ್ಚಲೂಬೇಡಿ. ಕಿಟಕಿ, ಬಚ್ಚಲಿಗೆ ಹಾಕೋ ಸಿಲಿಕೋನ್ ಆ ಶಾಖಕ್ಕೆ ನಿಲ್ಲಲ್ಲ. ನಿಮ್ಮ ಮಾಡೆಲ್‌ನ ಅಸಲಿ ಗ್ಯಾಸ್ಕೆಟ್ ತರಿಸಿ.

ಕಾರಣ ಹೇಳ್ತೀನಿ. ಫ್ಯಾನಿಗೆ ಮುಂಚಿನ ಭಾಗದಲ್ಲಿ ಸೋರಿದ್ರೆ ಕೋಣೆಯ ಗಾಳಿ ಒಳಗೆ ಹೋಗುತ್ತೆ, ಉರಿ ಕೆಡುತ್ತೆ, ಅಷ್ಟೇ. ಫ್ಯಾನ್ ದಾಟಿದ ಮೇಲೆ ಹೊಗೆ ಒತ್ತಡದಲ್ಲಿರುತ್ತೆ. ಅಲ್ಲಿ ಸೋರಿದ್ರೆ ಕೋಣೆಗೇ ಬರೋದು, ಜೊತೆಗೆ ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಪೈಪಿನ ಪ್ರತಿ ಜೋಡಣೆಯೂ ಇದೇ ಲೆಕ್ಕ. ಮನೆಯಲ್ಲಿ ಆ ಅನಿಲ ಪತ್ತೆಹಚ್ಚೋ ಅಲಾರಂ ಇಲ್ಲದಿದ್ರೆ ಗ್ಯಾಸ್ಕೆಟ್ ಜೊತೆಗೇ ಅದನ್ನೂ ತರಿಸಿ.

ಬೂದಿಗುಡ್ಡೆ

ಪೆಲೆಟ್ ನಿರಪರಾಧಿ ಅಂತಾಯ್ತು, ಒಪ್ಪಿದೆ. ಆದ್ರೆ ಮುಂದೆ ಇದನ್ನ ಓದೋವ್ರಿಗೆ ಒಂದು ಮಾತು. ನಿಮ್ಮ ಗಂಟು ಬೆರಳಲ್ಲಿ ಪುಡಿಯಾಗದೆ ಗಾಜಿನ ಹಾಗೆ ಗಟ್ಟಿಯಾಗಿದ್ರೆ, ಪಾಟ್ ತಳಕ್ಕೆ ಅಂಟಿಕೊಂಡು ಉಳಿಯಲ್ಲಿ ಕೀಳಬೇಕಾದ್ರೆ, ಅದು ಕಿಟ್ಟ. ಅದರ ಕಥೆಯೇ ಬೇರೆ. ಬೂದಿ ಕರಗಿ ಹೆಪ್ಪುಗಟ್ಟಿದ್ದು. ಎ1 ಪೆಲೆಟ್‌ನ ಬೂದಿ ಮೆತ್ತಗಾಗೋಕೆ ಕನಿಷ್ಠ 1200 ಡಿಗ್ರಿ ಸೆಲ್ಸಿಯಸ್ ಬೇಕು ಅಂತ ನಿಯಮ. ಪೊಟ್ಯಾಸಿಯಂ, ಸಿಲಿಕಾ ಜಾಸ್ತಿ ಇದ್ರೆ ಎಷ್ಟೋ ಕಡಿಮೆ ಶಾಖಕ್ಕೇ ಕರಗುತ್ತೆ. ಹುಲ್ಲು, ಹೊಟ್ಟಿನ ಪೆಲೆಟ್‌ಗಳಲ್ಲಿ ಹಾಗಾಗೋದು. ತೊಗಟೆ, ಮಣ್ಣು ಬೆರೆತ ಮರದ ಪೆಲೆಟ್‌ನಲ್ಲೂ ಆಗುತ್ತೆ. ಅಲ್ಲಿ ಪೆಲೆಟ್ ಬದಲಿಸದೆ ಬೇರೆ ದಾರಿ ಇಲ್ಲ.

ಚಳಿಗಾಳಿ

ಗ್ಯಾಸ್ಕೆಟ್ ಬಂತು, ಜೋಡಿಸಿ ಹಚ್ಚಿದೆ. ಎಷ್ಟೋ ವಾಸಿ. ಉರಿ ಮತ್ತೆ ಹಳದಿ, ಗಾಜಿನ ಮೇಲೆ ತೆಳ್ಳಗೆ ಬೂದು ಪುಡಿ ಅಷ್ಟೇ, ಒಣ ಬಟ್ಟೆಯಲ್ಲಿ ಹೋಗುತ್ತೆ. ಆದ್ರೆ ಪಾಟ್‌ನ ಹಿಂದಿನ ಅಂಚಲ್ಲಿ ಮಾತ್ರ ಇನ್ನೂ ಕರಿ ಪೆಲೆಟ್ ಗುಡ್ಡೆ ಬೀಳ್ತಿದೆ. ಮುಂದುಗಡೆ ಚೆನ್ನಾಗಿ ಉರಿಯುತ್ತೆ.

ತಿರುಪುಮೊಳೆ

ಪಾಟ್ ಎತ್ತಿ, ಅದು ಕೂರೋ ಜಾಗವನ್ನ ಟಾರ್ಚ್ ಹಾಕಿ ನೋಡಿ. ಕೆಳಗಿನ ಚೌಕಟ್ಟಿನ ಮೇಲೆ ಬೂದಿ ಗಟ್ಟಿಯಾಗಿ ಕೂತಿದ್ರೆ ಪಾಟ್ ಒಂದು ಕಡೆ ಕೂದಲೆಳೆಯಷ್ಟು ಎದ್ದು ನಿಲ್ಲುತ್ತೆ. ಗಾಳಿ ಆ ಸಂದಿಯಲ್ಲಿ ಹೋಗಿ, ಆ ಕಡೆಯ ತೂತುಗಳಿಗೆ ಸಿಗಲ್ಲ. ಪಾಟ್‌ನ ತಳ ಶಾಖಕ್ಕೆ ಸೊಟ್ಟ ಆಗಿದ್ರೂ ಇದೇ ಲಕ್ಷಣ, ಸಮತಟ್ಟಾದ ಕಲ್ಲಿನ ಮೇಲೆ ಇಟ್ಟು ಅಲ್ಲಾಡುತ್ತಾ ನೋಡಿ. ತೂತುಗಳನ್ನ ಬೆಳಕಿಗೆ ಹಿಡಿದು ಒಂದೊಂದಾಗಿ ಪರೀಕ್ಷೆ ಮಾಡಿ. ಮುಚ್ಚಿದ್ದನ್ನ ಅದೇ ಅಳತೆಯ ಡ್ರಿಲ್ ಬಿಟ್ ಕೈಯಲ್ಲಿ ತಿರುಗಿಸಿ ಬಿಡಿಸಿ. ಯಂತ್ರಕ್ಕೆ ಹಾಕಿ ಕೊರೆದು ತೂತು ದೊಡ್ಡದು ಮಾಡಬೇಡಿ.

ಇನ್ನೊಂದು: ಉರಿ ಹತ್ತದೆ ಪಾಟ್ ತುಂಬ ಪೆಲೆಟ್ ಬಿದ್ದಿದ್ರೆ ಹಾಗೇ ಮತ್ತೆ ಸ್ಟಾರ್ಟ್ ಒತ್ತಬೇಡಿ. ತಣ್ಣಗಾಗೋವರೆಗೆ ಕಾದು ಖಾಲಿ ಮಾಡಿ ಹಚ್ಚಿ. ಅಷ್ಟೊಂದು ಪೆಲೆಟ್ ಒಟ್ಟಿಗೆ ಹೊಗೆಯಾಡಿ, ತುಂಬಿದ ಅನಿಲ ಒಮ್ಮೆಗೇ ಹೊತ್ತಿಕೊಂಡ್ರೆ ಗಾಜು ಒಡೆಯೋ ಮಟ್ಟಿಗೆ ಸಿಡಿಯಬಹುದು.

ಚಳಿಗಾಳಿ

ಕೂದಲೆಳೆ ಅಲ್ಲ ಸರ್, ಹಿಂದೆ ಎರಡು ಮಿಲಿಮೀಟರ್ ಎದ್ದಿತ್ತು. ಚೌಕಟ್ಟಿನ ಮೇಲೆ ಬೂದಿ ಸಿಮೆಂಟಿನ ಹಾಗೆ ಕೂತಿತ್ತು, ಬಣ್ಣ ಕೆರೆಯೋ ಬ್ಲೇಡಲ್ಲಿ ತೆಗೆದೆ. ಈಗ ಪಾಟ್ ಠಪ್ ಅಂತ ಕೂರುತ್ತೆ, ಹಿಂದಿನ ಗುಡ್ಡೆ ಮಾಯ. ಒಂದು ಚೀಲಕ್ಕೆ ಬೂದಿ ನೂರು ಗ್ರಾಂ ಆಸುಪಾಸು, ತಿಳಿ ಬೂದು, ಕರಿ ಚೂರು ಇಲ್ಲ. ಬೂದಿಗುಡ್ಡೆ ಅವರ ತಕ್ಕಡಿ ಲೆಕ್ಕಕ್ಕೆ ದೊಡ್ಡ ನಮಸ್ಕಾರ.

ಬಾಗಿಲ ಗ್ಯಾಸ್ಕೆಟ್ ಇನ್ನೂ ಬಾಕಿ. ಹಗ್ಗದ ದಪ್ಪ ಎಷ್ಟು ತರಿಸಬೇಕು? ಮತ್ತೆ, ದಿನವಿಡೀ ಕಡಿಮೆ ಉರಿಯಲ್ಲಿ ಇಟ್ಟಿರ್ತೀನಿ, ಅದರಿಂದ ತೊಂದರೆಯಾ?

ತಿರುಪುಮೊಳೆ

ಹಳೇ ಹಗ್ಗದ ದಪ್ಪ ಅಳೆದು ಮೋಸ ಹೋಗಬೇಡಿ, ಅದು ಒತ್ತಿ ಒತ್ತಿ ಚಪ್ಪಟೆಯಾಗಿರುತ್ತೆ. ಮ್ಯಾನುಯಲ್‌ನಲ್ಲಿರೋ ಅಳತೆ ತರಿಸಿ. ಹಗ್ಗ ಕೂರೋ ಕಾಲುವೆಯನ್ನ ಪೂರ್ತಿ ಕೆರೆದು, ಶಾಖ ತಡೆಯೋ ಅಂಟು ಹಾಕಿ, ಹಗ್ಗ ಎಳೆಯದೆ ಹಾಗೇ ಕೂರಿಸಿ. ಎಳೆದು ಕೂರಿಸಿದ್ರೆ ತೆಳ್ಳಗಾಗಿ ಅಲ್ಲೇ ಮತ್ತೆ ಸೋರುತ್ತೆ. ಎರಡು ತುದಿ ಸೇರೋ ಜಾಗ ಕೀಲಿನ ಮೂಲೆಗೆ ಬೇಡ. ಬಾಗಿಲು ಮುಚ್ಚಿ, ಅಂಟಿನ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಒಣಗೋಕೆ ಬಿಟ್ಟು ಆಮೇಲೆ ಹಚ್ಚಿ. ಕಾಗದ ಪರೀಕ್ಷೆ ಸುತ್ತಲೂ ಮಾಡಿ.

ಕಡಿಮೆ ಉರಿಯಲ್ಲೇ ಇಟ್ರೆ ಒಳಗೆ ಶಾಖ ಸಾಲದೆ ಮಸಿ ಬೇಗ ಕಟ್ಟುತ್ತೆ. ದಿನಕ್ಕೊಮ್ಮೆ ಅರ್ಧ ಗಂಟೆ ಜೋರಾಗಿ ಉರಿಸಿ.

ಗಾಳಿಗೋಪುರ

ನಾನೂ ಹಲಗೆ ಬಿಚ್ಚಿದೆ. ಫ್ಯಾನ್ ವೇಗ ವಾಪಸ್ ಕಂಪನಿ ಸೆಟ್ಟಿಂಗ್‌ಗೆ ತಂದಿದ್ದೀನಿ. ಇದಕ್ಕಿಂತ ಹೆಚ್ಚು ಏನೂ ಕೇಳಬೇಡಿ.